ಗಲೀನಾಗೆ ಕೊಟ್ಟ ಕಷಾಯ

ಕ್ರಾನ್‌ಬರ್ನ್‌ನ ಮಹಾಶ್ವೇತಾ ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಆದರೆ ಅವಳೆದುರು ಯಾರಾದರೂ ಒಮ್ಮೆ ಸೀನಿದರೆ ಸಾಕು, ಕಷಾಯದ ಪಾತ್ರೆ ಒಲೆ ಏರಿತೆಂದೇ ಲೆಕ್ಕ. ಬೇಡ ಅಂದವರನ್ನು ಬಿಡುವವಳೇ ಅಲ್ಲ, ಧಾರವಾಡದ ಹೆಣ್ಣುಮಗಳು!

ಅವಳ ಮನೆಯ ಹಿಂದಿನ ಕೋಣೆಗೆ ರೆಂಟ್‌ಗೆ ಬಂದವಳು ರಷ್ಯಾದ ಗಲೀನಾ. ಬಯಾಥ್ಲಾನ್ ಆಟಗಾರ್ತಿ. ಹಿಮದ ಮೇಲೆ ಸ್ಕೀ ಓಡಿಸುತ್ತ, ನಡುನಡುವೆ ನಿಂತು ಬಂದೂಕಿನಿಂದ ಗುರಿ ಹೊಡೆಯುವ ಆಟವದು. ಅವಳ ಹುಟ್ಟೂರಿನ ಶಾಲೆಯ ಗೋಡೆಯ ಮೇಲೆ ಅವಳ ಫೋಟೊ ತೂಗುಹಾಕಿದ್ದರಂತೆ. ಒಮ್ಮೆ ಟೆಸ್ಟಿನಲ್ಲಿ ನಿಷಿದ್ಧ ಮದ್ದು ಸಿಕ್ಕಿ, ಎರಡು ವರ್ಷ ಆಟದಿಂದ ಹೊರಗೆ ಹಾಕಿದರು, ಫೋಟೊನೂ ಇಳಿಸಿದರು. "ಇನ್ನೊಂದು ಸಲ ಸಿಕ್ಕರೆ ಜೀವಮಾನಪೂರ್ತಿ ಮುಗೀತು," ಎಂದು ಗಲೀನಾ ತಾನೇ ಹೇಳಿದ್ದಳು.

೨೦೦೬ರ ಆಗಸ್ಟ್, ದಕ್ಷಿಣ ಗೋಳಾರ್ಧದ ಆ ದೇಶದಲ್ಲಿ ಹಿಮ ಬೀಳುವ ಕಾಲ. ಬೆಟ್ಟದ ಮೇಲಿನ ರೇಸಿನ ಹಿಂದಿನ ದಿನ ಗಲೀನಾ ಕೆಮ್ಮಿದಳು. ಮಹಾಶ್ವೇತಾ ತವರಿನ ವೈದ್ಯರ ಪುಡಿ ಎರಡು ಚಮಚ ಹಾಕಿ ಕುದಿಸಿ, ಲೋಟ ಕೈಗಿಟ್ಟಳು. ಗಲೀನಾ ಥ್ಯಾಂಕ್ಸ್ ಹೇಳಿ ಕೋಣೆಗೆ ಒಯ್ದಳು. ಮರುದಿನ ಗೆದ್ದಳು. ಟೆಸ್ಟಿಗೆ ಮೂತ್ರ ಕೊಟ್ಟು ಬಂದಳು. ಲೋಕಲ್ ಪೇಪರಿನಲ್ಲಿ ಫೋಟೊ ಬಂತು, ಕೌನ್ಸಿಲ್‌ನವರು ಸನ್ಮಾನವನ್ನೂ ಇಟ್ಟುಕೊಂಡರು.

ಅದೇ ವಾರ ಗಂಡ ಶಂಭುಲಿಂಗನಿಗೂ ಕೆಮ್ಮು. ಪುಡಿಯ ಡಬ್ಬಿಯ ಚೀಟಿ ಓದಿದವನೇ ನೆಟ್ಟಿನಲ್ಲಿ ಹುಡುಕಿದ.

"ಇದರಾಗ ಸೋಮಲತಾ ಐತಿ. ಆಟಗಾರರಿಗೆ ನಿಷೇಧ ಐತಿ ಇದು! ಏನ್ ಮಾಡಿಟ್ಟೀಲೇ ಹುಚ್ಚಿ?"

ಮಹಾಶ್ವೇತಾ ಡಬ್ಬಿ ಕಸಿದುಕೊಂಡು ಚೀಟಿ ನೋಡಿದಳು. "ಆಕಿಗೆ ಹೇಳೂಣೇನ್ರಿ?"

"ಬಾಯಿ ಮುಚ್ಚಿಕೊಂಡು ಕೂಡು. ರಿಪೋರ್ಟ್ ಬರ್ಲಿ."

ಕೂತಳು. ಅನ್ನ ಸೇರಲಿಲ್ಲ. ಪೋಸ್ಟಿನವನ ಬೈಕ್ ಸದ್ದಾದರೆ ಕಿಟಕಿಯ ಪರದೆ ಎಳೆಯುವಳು, ಫೋನ್ ರಿಂಗಾದರೆ ಬಚ್ಚಲಿಗೆ ಓಡುವಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗೆ. ಗಲೀನಾ ಸನ್ಮಾನಕ್ಕೆಂದು ಕೊಂಡ ನೀಲಿ ಡ್ರೆಸ್ಸು ತೋರಿಸಿದಾಗಂತೂ, ದೇವರೇ, ನೆಲ ಬಾಯ್ಬಿಡಬಾರದೇ ಅನಿಸಿತು.

ಸನ್ಮಾನದ ಬೆಳಿಗ್ಗೆಯೂ ರಿಪೋರ್ಟ್ ಬಂದಿರಲಿಲ್ಲ. ಇವತ್ತು ವೇದಿಕೆ ಹತ್ತಿಸಿ ನಾಳೆ ಎಳೆದು ಇಳಿಸಿದರೆ? ಈ ಹುಡುಗಿ ಎರಡನೇ ಸಲ ತಡಕೊಂಡಾಳೇ? ತಾಳಲಾರದೆ ಮಹಾಶ್ವೇತಾ ಕೋಣೆಯ ಬಾಗಿಲು ತಟ್ಟಿ, ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಎಲ್ಲ ಒದರಿಬಿಟ್ಟಳು: ಪುಡಿಯ ವಿಷಯ, ಅದರಲ್ಲಿದ್ದ ಮದ್ದು, ಮೂರು ವಾರ ಮುಚ್ಚಿಟ್ಟದ್ದು. "ನಿನ್ನ ಬಾಳು ನಾನೇ ಹಾಳು ಮಾಡಿದೆ," ಎಂದು ಬಿಕ್ಕಿದಳು.

ಕಿವಿಯೋಲೆ ಹಾಕಿಕೊಳ್ಳುತ್ತಿದ್ದ ಗಲೀನಾ ತಿರುಗಿದಳು. "ನಾನದನ್ನು ಕುಡಿಯಲೇ ಇಲ್ಲ, ಮಹಾ. ಸಿಂಕಿಗೆ ಸುರಿದೆ."

ಹೋದ ಜೀವ ಬಂದಂತಾಯಿತು. ಬೆನ್ನಿಗೇ ಸಿಟ್ಟೂ ಬಂತು ನೋಡಿ! "ಅಷ್ಟೂ ನಂಬಿಕೆ ಇಲ್ಲವೇ ನನ್ನ ಮೇಲೆ? ಪ್ರೀತಿಯಿಂದ ಕಾಸಿ ಕೊಟ್ಟಿದ್ದೆ."

"ಗೊತ್ತು," ಎಂದಳು ಗಲೀನಾ. "ನಮ್ಮಪ್ಪನೂ ಪ್ರೀತಿಯಿಂದಲೇ ಕೊಟ್ಟಿದ್ದ."