ಸೂರ್ಯನ ಕುದುರೆ ಹೇಳಿದ ಹಿಮ

ಕಿಯೊಮಾತ್ಸುವಿನದು ಮಾತು ಕಡಿಮೆ. ಆದರೆ ಹಿಮದ ಬಗ್ಗೆ ಅವನು ಬಾಯಿ ತೆರೆದರೆ ತೊಚಿಯಾಮ ಊರಿಗೆ ಊರೇ ಕಿವಿಗೊಡುತ್ತಿತ್ತು. ಎಲೆ ಕೆಂಪಾಗುವ ಹೊತ್ತಿಗೆ ಅವನು ಪೊದೆಪೊದೆಗೂ ಕತ್ತು ಚಾಚಿ, ಸೂರ್ಯನ ಕುದುರೆ ಹುಳ ಎಲ್ಲಿ ಗೂಡು ಕಟ್ಟಿ ಮೊಟ್ಟೆ ಇಟ್ಟಿದೆ ಎಂದು ಹುಡುಕುತ್ತಿದ್ದ. ಹಿಮದಲ್ಲಿ ಹೂತುಹೋಗದಷ್ಟು ಎತ್ತರದಲ್ಲೇ ಆ ಹುಳ ಮೊಟ್ಟೆ ಇಡುತ್ತದೆ ಎಂಬುದು ನೀಗಾತಾ ಕಡೆಯ ಹಳಬರ ನಂಬಿಕೆ. ಗೂಡು ಮೊಣಕಾಲಿಗಿದ್ದರೆ ಹಿಮವೂ ಮೊಣಕಾಲಿಗೆ, ಎದೆಗಿದ್ದರೆ ಎದೆಗೆ. ಅಪ್ಪ ಕಲಿಸಿಕೊಟ್ಟ ವಿದ್ಯೆ ಅದು.

ಅಪ್ಪನಿಗಾದರೋ ಹಿಮವನ್ನು ಕಂಡರೆ ಆಗುತ್ತಿರಲಿಲ್ಲ. ಗದ್ದೆ ಮುಚ್ಚಿಹೋದೊಡನೆ ಊರಿನ ಗಂಡಸರೆಲ್ಲ ಟೋಕಿಯೊಗೆ ಕೂಲಿಗೆ ಹೊರಟು, ಹಿಮ ಕರಗಿದ ಮೇಲೆ ಮರಳುತ್ತಿದ್ದರು. ಎಳವೆಯ ಚಳಿಗಾಲಗಳಲ್ಲಿ ಅಪ್ಪನ ಮುಖ ಕಂಡ ನೆನಪೇ ಕಿಯೊಮಾತ್ಸುವಿಗಿಲ್ಲ. ಆಮೇಲೆ ಬೆಟ್ಟಕ್ಕೆ ಜನರನ್ನು ಮೇಲೇರಿಸುವ ಲಿಫ್ಟ್ ಬಂತು, ಪಟ್ಟಣದ ಮಂದಿ ಹಿಮದ ಮೇಲೆ ಜಾರುವ ಸ್ಕೀ ಆಡಲು ಬಂದರು, ಮನೆಯ ಮಹಡಿ ವಸತಿಗೃಹವಾಯಿತು, ಅಪ್ಪ ಮನೆಯಲ್ಲೇ ಉಳಿದ. ಹಿಮ ಬಿದ್ದರೆ ಅಪ್ಪ ಮನೆಯಲ್ಲಿರುತ್ತಾನೆ ಎಂದು ಆಗ ಮನಸ್ಸಿಗೆ ಕೂತದ್ದು, ಅರವತ್ತು ದಾಟಿದರೂ, ಅಪ್ಪ ಹೋಗಿ ಎಷ್ಟೋ ಕಾಲವಾದರೂ ಹಾಗೇ ಇತ್ತು.

ಈಚಿನ ವರ್ಷಗಳಲ್ಲಿ ಹಿಮ ತಡವಾಗುತ್ತ ತಡವಾಗುತ್ತ ಅತಿಥಿಗಳು ಒಬ್ಬೊಬ್ಬರೇ ಜಾರಿಕೊಂಡರು. ತಪ್ಪದೆ ಬರುವವರೆಂದು ಉಳಿದದ್ದು ಒಂದೇ ಗುಂಪು: ಯೊಕೊಹಾಮಾದ ಮಿಗಿತಾ ಮೇಷ್ಟ್ರು, ಅವರ ಗೆಳೆಯರ ಸಂಸಾರಗಳು. ಅವರ ಸ್ಕೀ ಹಲಗೆಗಳು ವರ್ಷವಿಡೀ ಕಿಯೊಮಾತ್ಸುವಿನ ಮನೆಯ ಕೆಳಗಿನ ಕೋಣೆಯಲ್ಲೇ ಇರುತ್ತಿದ್ದವು. ಸ್ಕೀ ಬಿಟ್ಟುಹೋದರೆಂದರೆ ಮತ್ತೆ ಬರುತ್ತೇವೆ ಎಂದ ಹಾಗೆ, ಬಾಯಿಬಿಟ್ಟು ಹೇಳಬೇಕಿಲ್ಲ. ಪ್ರತಿ ನವೆಂಬರಿನಲ್ಲೂ ಅವನು ಅವುಗಳ ಅಂಚು ಸಾಣೆ ಹಿಡಿದು, ಮೇಣ ಹಚ್ಚಿ, ಸಾಲಾಗಿ ನಿಲ್ಲಿಸುತ್ತಿದ್ದ. ಈ ಗುಂಪೂ ಕೈಬಿಟ್ಟರೆ ಮಹಡಿಗೆ ಬೀಗ ಹಾಕುವುದೇ ಸರಿ ಎಂದು ಅವನೂ ಹೆಂಡತಿ ಫುಸಾಯೆಯೂ ಮಾತಾಡಿಕೊಂಡಾಗಿತ್ತು.

ಆ ವರ್ಷ ಹಿತ್ತಲಿನ ಪರ್ಸಿಮನ್ ಮರದಲ್ಲಿ ಗೂಡು ಅವನ ತಲೆಗಿಂತ ಮೇಲಿತ್ತು. ಕಿಯೊಮಾತ್ಸುವಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೂಡಲೇ ಯೊಕೊಹಾಮಾಕ್ಕೆ ಫೋನ್ ಮಾಡಿದ.

"ಮೇಷ್ಟ್ರೇ, ಈ ಸಲ ಹೊಸವರ್ಷದ ತನಕ ಕಾಯ್ಬೇಡಿ. ಡಿಸೆಂಬರ್ ಮಧ್ಯಕ್ಕೇ ಬಂದ್ಬಿಡಿ. ತಲೆ ಮುಳುಗೋಷ್ಟು ಬೀಳತ್ತೆ."

"ನೀವು ಹೇಳಿದ್ಮೇಲೆ ಮುಗೀತು ಬಿಡಿ," ಎಂದು ಮೇಷ್ಟ್ರು ನಕ್ಕರು. ಗುಂಪಿನವರೆಲ್ಲ ರಜೆಯನ್ನು ಡಿಸೆಂಬರಿಗೇ ಎಳೆದುಕೊಂಡರು.

ಡಿಸೆಂಬರಿನಲ್ಲಿ ಬಿದ್ದದ್ದು ಬರೀ ಮಳೆ. ಸ್ಕೀ ಬೆಟ್ಟ ತೆರೆಯುವ ದಿನ ಪುರೋಹಿತರು ಪೂಜೆಗೆ ನಿಲ್ಲಲೆಂದು ಊರವರು ಎತ್ತರದ ಕಣಿವೆಯಿಂದ ಒಂದು ಲಾರಿ ಹಿಮ ತಂದು ಲಿಫ್ಟಿನ ಬುಡದಲ್ಲಿ ಸುರಿದರು. ಸುತ್ತ ಎಲ್ಲಿ ನೋಡಿದರೂ ಒಣಹುಲ್ಲು. ತಲೆ ಬಾಗಿಸಿ ನಿಂತವರ ಬೂಟುಗಳೆಲ್ಲ ಕೆಸರು. ಪೂಜೆ ಮುಗಿಯುವಷ್ಟರಲ್ಲಿ ಆ ಹಿಮವೂ ಅರ್ಧ ನೀರಾಗಿತ್ತು.

"ಏನಪ್ಪಾ ಹುಳದ ಜೋಯಿಸ," ಎಂದ ನೂಡಲ್ ಅಂಗಡಿಯ ಗೊನ್ಪಾಚಿ, "ನಿನ್ನ ಸೂರ್ಯನ ಕುದುರೆಗೆ ತಲೆ ತಿರುಗಿತ್ತೇನೋ? ಮರ ಹತ್ತಿ ಕೂತಿದೆ!"

ಎಲ್ಲರೂ ನಕ್ಕರು. ಗೊನ್ಪಾಚಿಯ ಅಂಗಡಿಯ ಬಾಗಿಲೂ ಮುಚ್ಚಿಯೇ ಇದ್ದುದರಿಂದ ನಗು ಬೇಗ ನಿಂತಿತು.

"ಏನ್ರೀ, ಈಗಲಾದ್ರೂ ಫೋನ್ ಮಾಡಿ. ಬರಬೇಡಿ ಅಂತ ನಾವೇ ಹೇಳೋದು ಮರ್ಯಾದೆ," ಎಂದಳು ಫುಸಾಯೆ.

"ಬೀಳತ್ತೆ ಕಣೇ. ಇನ್ನೂ ಟೈಮಿದೆ."

"ಆಕಾಶ ಏನು ನಿಮ್ಮಪ್ಪಂದಾ?"

ಅವನು ಫೋನ್ ಮಾಡಲಿಲ್ಲ. ಹುಳ ತಪ್ಪಿದ್ದನ್ನು ಕ್ಷಮಿಸಬಹುದು, ಅದಕ್ಕೇನು ಗೊತ್ತು. ಇವನು ತಪ್ಪಿದ್ದು ಇಲ್ಲಿ. ಬರಬೇಡಿ ಎಂದರೆ ಮತ್ತೆಂದೂ ಬರುವುದಿಲ್ಲವೇನೋ ಎಂಬ ಭಯ ಅವನ ಬಾಯಿ ಕಟ್ಟಿತ್ತು.

ಅವರು ಬಂದರು. ನಿಂತ ಲಿಫ್ಟನ್ನು ನೋಡಿದರು. ಬಿಸಿನೀರಿನಲ್ಲಿ ಮಿಂದರು, ಇಸ್ಪೀಟು ಆಡಿದರು, ಫುಸಾಯೆಯ ಸೊಪ್ಪಿನ ಉಪ್ಪಿನಕಾಯಿಯನ್ನು ಬಾಯ್ತುಂಬ ಹೊಗಳಿದರು. ಒಬ್ಬರೂ ಒಂದು ಕಟುಮಾತು ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹೊರಡುವ ಬೆಳಗ್ಗೆ ಮೇಷ್ಟ್ರು ಕೆಳಗಿನ ಕೋಣೆಗೆ ಇಳಿದುಬಂದರು.

"ಸ್ಕೀ ಈ ಸಲ ತಗೊಂಡೇ ಹೋಗ್ತೀವಿ ಕಿಯೊಮಾತ್ಸು ಅವರೇ. ಊರಲ್ಲಿ ಅಂಚು ಸಾಣೆ ಹಿಡಿಸ್ಬೇಕು."

ಕಿಯೊಮಾತ್ಸು ಹಿಡಿದ ಸಾಣೆಗೆ ಇನ್ನೂ ತಿಂಗಳೂ ಆಗಿರಲಿಲ್ಲ. "ಹೌದು ಹೌದು, ಒಳ್ಳೇದು," ಎಂದು ಅವನೇ ಒಂದೊಂದು ಜೊತೆಯನ್ನೂ ಹೊತ್ತು ಬಸ್ಸಿಗೆ ಏರಿಸಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಸೊಂಟ ಬಗ್ಗಿಸಿ ವಂದಿಸುತ್ತ ನಿಂತೇ ಇದ್ದ.

ಒಳಗೆ ಬಂದರೆ ಮೂಲೆಯಲ್ಲಿ ಒಂದು ಜೊತೆ ಉಳಿದಿತ್ತು. ಚಿಕ್ಕ ಕೆಂಪು ಸ್ಕೀ. ಮೇಷ್ಟ್ರ ಮಗಳು ಚಿಗುಸಾ ಐದು ವರ್ಷದವಳಿದ್ದಾಗಿನದು. ಬಿದ್ದು ಬಿದ್ದು ಅಳುತ್ತಿದ್ದ ಆ ಮಗುವನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿದವನು ಇವನೇ.

"ನೋಡಿ, ಬೇಕಂತ್ಲೇ ಬಿಟ್ಟಿದಾರೆ," ಎಂದಳು ಫುಸಾಯೆ. "ಬಂದೇ ಬರ್ತಾರೆ."

ಕಿಯೊಮಾತ್ಸುವಿಗೂ ಹಾಗೇ ಅನ್ನಿಸಿತು. ಮಹಡಿಗೆ ಬೀಗ ಹಾಕುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹಿಮ ಬಿದ್ದದ್ದು ಜನವರಿ ಕೊನೆಗೆ, ರಜೆಗಳೆಲ್ಲ ಮುಗಿದ ಮೇಲೆ. ಬಿದ್ದದ್ದೂ ಬಿದ್ದದ್ದೇ, ಪರ್ಸಿಮನ್ ಮರದ ಗೂಡಿನ ತನಕ. ಅವನು ಸೂರಿನ ಹಿಮ ಕೆಡವಿ, ಬೆವರು ಒರೆಸಿಕೊಂಡು, ನೇರ ಫೋನಿನ ಹತ್ತಿರ ಹೋದ.

"ಓಹೋ, ಬಿತ್ತೇ! ತುಂಬ ಸಂತೋಷ," ಎಂದರು ಮೇಷ್ಟ್ರು. "ನಾವು ಹೊಸವರ್ಷಕ್ಕೆ ಹೊಕ್ಕೈದೊಗೆ ಹೋಗಿದ್ವು. ಅಲ್ಲಿ ಚೆನ್ನಾಗಿತ್ತು."

"ಚಿಗುಸಾ ಅವರ ಸ್ಕೀ ಇಲ್ಲೇ ಇದೆ ಮೇಷ್ಟ್ರೇ. ಮೇಣ ಹಚ್ಚಿಟ್ಟಿದೀನಿ."

"ಯಾವುದು? ಅಯ್ಯೋ, ಆ ಕೆಂಪುದಾ? ಗಡಿಬಿಡೀಲಿ ಕಣ್ಣಿಗೇ ಬೀಳ್ಲಿಲ್ಲ. ಸುಮ್ನೆ ನಿಮಗೆ ತೊಂದ್ರೆ ಆಯ್ತು. ದಯವಿಟ್ಟು ಎಸೆದುಬಿಡಿ."

ಅವನು ಫೋನ್ ಇಟ್ಟ. ಅಡುಗೆಮನೆಯಿಂದ ಫುಸಾಯೆ ಕೂಗಿದಳು:

"ಏನಂದ್ರು?"

ಹಿಮದ ವಿಷಯದಲ್ಲಿ ಅವನ ಮಾತು ಸುಳ್ಳಾದದ್ದುಂಟು. ಹೆಂಡತಿಗೆ ಮಾತ್ರ ಅವತ್ತಿನವರೆಗೂ ಸುಳ್ಳು ಹೇಳಿದವನಲ್ಲ.

"ಅಲ್ಲೇ ಇರಲಿ ಅಂದ್ರು."

"ನಾನು ಹೇಳ್ಲಿಲ್ವಾ!" ಎಂದು ಫುಸಾಯೆ ಕೈ ಒರೆಸಿಕೊಂಡು, ಹಾಸಿಗೆಗಳಿಗೆ ಗಾಳಿಯಾಡಿಸಲು ಮಹಡಿ ಹತ್ತಿದಳು.