ಹಿಂದಿನ ಸೀಟಿನ ಬಿಸಿಗಾಳಿ

ನನ್ನನ್ನು ಏನು ಬೇಕಾದರೂ ಅನ್ನಿ, ಸಹಿಸಿಕೊಳ್ಳುತ್ತೇನೆ. ಮುಂಗೋಪಿ ಅನ್ನಿ, ಒಪ್ಪುತ್ತೇನೆ. ಸುಳ್ಳ ಅಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಎಂಬತ್ತರ ದಶಕದಲ್ಲಿ ತಮಿಳುನಾಡು ಗಡಿಯ ಹೊಸೂರಿನ ಒಂದು ಕಾರ್ಖಾನೆಯಲ್ಲಿ ವ್ಯಾನ್ ಓಡಿಸುತ್ತಿದ್ದಾಗ, ಆ ಮಾತನ್ನು ಕಾಗದದ ಮೇಲೆ ಟೈಪ್ ಮಾಡಿಸಿ, ಮೊಹರು ಒತ್ತಿ ನನ್ನ ಕೈಗೇ ಕೊಟ್ಟರು.

ಆ ವ್ಯಾನು ಹೊರದೇಶದಿಂದ ತರಿಸಿದ್ದು. ಕಂಪನಿಗೆ ಬರುವ ದೊಡ್ಡ ಅತಿಥಿಗಳಿಗೆಂದೇ ಇಟ್ಟಿದ್ದರು. ಒಳಗೆ ಎ.ಸಿ. ಇರುವ ಗಾಡಿ ಎಂದರೆ ಹೊಸೂರಿನ ಜನ ನಿಂತು ನೋಡುತ್ತಿದ್ದ ಕಾಲ ಅದು. ನಾನು ಪಕ್ಕದ ಅವಲಪಲ್ಲಿಯ ಹೊಲದವನು. ಅಪ್ಪ, ತಾತ ಎಲ್ಲರೂ ರಾಗಿ ಬೆಳೆದವರು. ನಾನು ಟ್ರ್ಯಾಕ್ಟರಿನಿಂದ ಲಾರಿಗೆ, ಲಾರಿಯಿಂದ ಈ ವ್ಯಾನಿಗೆ ಬರಲು ಒಂಬತ್ತು ವರ್ಷ ಹಿಡಿದಿತ್ತು. ಗಾಜು ಮೇಲೆತ್ತಿಕೊಂಡು ಬೆವರದೆ ಗಾಡಿ ಓಡಿಸುವ ಸುಖ ನನ್ನ ವಂಶದಲ್ಲಿ ಯಾರೂ ಕಂಡಿರಲಿಲ್ಲ. ನನಗೆ ಜಂಬ ಇತ್ತು, ಯಾಕೆ ಇರಬಾರದು?

ಅದರಲ್ಲಿ ಹಿಂದಿನ ಸೀಟಿನವರಿಗೆ ಬೇರೆಯದೇ ಗಾಳಿಪೆಟ್ಟಿಗೆ. ಪೆಟ್ಟಿಗೆಯೊಳಗೆ ಅಂಗೈ ಅಗಲದ ಒಂದು ಬಾಗಿಲು. ಅದು ಒಂದು ಕಡೆ ವಾಲಿದರೆ ತಂಪು ಗಾಳಿ, ಇನ್ನೊಂದು ಕಡೆ ವಾಲಿದರೆ ಬಿಸಿ ಗಾಳಿ. ಚಳಿದೇಶದವರು ಮಾಡಿದ ಗಾಡಿ, ಅವರಿಗೆ ಎರಡೂ ಬೇಕು. ಆ ಬಾಗಿಲನ್ನು ಎಳೆದು ಹಿಡಿಯುವುದಕ್ಕೆ ಸುಣ್ಣದ ಡಬ್ಬಿಯಷ್ಟಿರುವ ಒಂದು ಡಬ್ಬಿ, ಅದರೊಳಗೆ ತೆಳ್ಳನೆಯ ರಬ್ಬರ್ ಪದರ. ಇಂಜಿನ್ ಉಸಿರೆಳೆದಾಗ ಸಣ್ಣ ಟ್ಯೂಬಿನ ಮೂಲಕ ಆ ಪದರವನ್ನೂ ಎಳೆಯುತ್ತದೆ, ಬಾಗಿಲು ತಂಪಿನ ಕಡೆ ನಿಲ್ಲುತ್ತದೆ. ಎಳೆತ ತಪ್ಪಿತೋ, ಸ್ಪ್ರಿಂಗು ಬಾಗಿಲನ್ನು ಬಿಸಿಯ ಕಡೆ ತಳ್ಳಿಬಿಡುತ್ತದೆ. ಈಗಿನ ಕಾರುಗಳಲ್ಲಿ ಇದೇ ಕೆಲಸಕ್ಕೆ ಪುಟ್ಟ ಮೋಟಾರು ಇದೆ, ವೈರು ಸಿಕ್ಕಿಸಿದರೆ ಎಲ್ಲಿ ಕೆಟ್ಟಿದೆ ಎಂದು ಯಂತ್ರವೇ ಹೇಳುತ್ತದಂತೆ. ನಮ್ಮ ಕಾಲದಲ್ಲಿ ಹೇಳುವ ಯಂತ್ರ ಇರಲಿಲ್ಲ. ಡ್ರೈವರು ಹೇಳಿದರೆ ಕೇಳುವ ಮನುಷ್ಯರೂ ಇರಲಿಲ್ಲ.

ಆಯುಧ ಪೂಜೆ ಕಳೆದು ಒಂದು ವಾರವಾಗಿತ್ತು. ಅತಿಥಿಗಳನ್ನು ಕೃಷ್ಣಗಿರಿಯ ಕಡೆ ಕಲ್ಲುಗಣಿ ತೋರಿಸಲು ಕರೆದುಕೊಂಡು ಹೋಗಿದ್ದೆ. ಹೋಗುವಾಗ ತಂಪಾಗಿತ್ತು. ಬರುವಾಗ, ನಡುದಾರಿಯ ಸೂಳಗಿರಿ ಇನ್ನೂ ದೂರ ಇರುವಾಗಲೇ, ಹಿಂದಿನಿಂದ ಗೊಣಗಾಟ ಶುರುವಾಯಿತು. ಹಿಂದಿನ ಸೀಟಿನ ಮೇಲೆ ಬಿಸಿಗಾಳಿ ಬುಸುಗುಡುತ್ತಿತ್ತು. ಹೊಸೂರು ಮುಟ್ಟಿದಾಗ ಅತಿಥಿಗಳು ಬೇಯಿಸಿದ ಕಡಲೆಕಾಯಿಯ ಹಾಗೆ ಇಳಿದರು. ಮರುವಾರ ಬೇರೆ ಅತಿಥಿಗಳು, ಅದೇ ದಾರಿ, ಅದೇ ಕಥೆ.

ಗಾಡಿಗಳ ಮೇಲ್ವಿಚಾರಣೆಗೆ ಒಬ್ಬ ಆಫೀಸರ್ ಇದ್ದರು. ಕೊಯಮತ್ತೂರು ಕಡೆಯವರು, ಇಸ್ತ್ರಿ ಮುರಿಯದ ಬಿಳಿ ಅಂಗಿಯವರು. ಅವರು ಬೆಂಗಳೂರಿನಿಂದ ಒಬ್ಬ ಎ.ಸಿ. ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಗ್ಯಾಸ್ ನೋಡಿದ, ಬೆಲ್ಟ್ ನೋಡಿದ, ಬೆಂಗಳೂರು ದಾರಿಯಲ್ಲಿ ಪಕ್ಕದ ಜೂಜುವಾಡಿಯವರೆಗೆ ಓಡಿಸಿಕೊಂಡು ಹೋಗಿ ವಾಪಸು ಬಂದ. ಉದ್ದಕ್ಕೂ ತಂಪು. ಗಾಡಿಯಲ್ಲಿ ಏನೂ ದೋಷವಿಲ್ಲ ಎಂದು ಬರೆದುಕೊಟ್ಟು ಹೋದ. ಗಾಡಿಯಲ್ಲಿ ದೋಷವಿಲ್ಲದಿದ್ದರೆ ಇನ್ನೆಲ್ಲಿ? ಹಿಂದಿನ ಗಾಳಿಯನ್ನು ಬಿಸಿ, ತಂಪು ಮಾಡುವ ಲಿವರ್ ಇರುವುದು ಡ್ರೈವರ್ ಮೊಣಕಾಲಿನ ಪಕ್ಕ. ಆಫೀಸರ್ ಅಷ್ಟಕ್ಕೇ ತೀರ್ಮಾನ ಮಾಡಿಬಿಟ್ಟರು.

ಮೆಮೊ ಬಂತು. ನಾನು ಬೇಕೆಂದೇ ಲಿವರ್ ಎಳೆದು ಅತಿಥಿಗಳಿಗೆ ತೊಂದರೆ ಕೊಟ್ಟಿದ್ದೇನೆ, ಕೇಳಿದರೆ ಸುಳ್ಳು ಹೇಳಿದ್ದೇನೆ, ಹತ್ತು ದಿನದೊಳಗೆ ತಪ್ಪೊಪ್ಪಿಕೊಂಡು ಸಹಿ ಹಾಕಿದರೆ ಸರಿ, ಇಲ್ಲದಿದ್ದರೆ ವ್ಯಾನು ಬಿಟ್ಟು ಲಾರಿಗೆ ಹೋಗಬೇಕು. ಜತೆಯ ಡ್ರೈವರುಗಳೆಲ್ಲ ಒಂದು ಸಹಿ ಗೀಚಿ ಬಿಸಾಕು ಎಂದರು. ಮನೆಯಲ್ಲಿ ಕಾಗದವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಮಾಡಿದ್ರೆ ಕಾಲ್ ಹಿಡ್ಕೊ. ಮಾಡಿಲ್ಲಾಂದ್ರೆ ತಲೆ ಎತ್ಕೊಂಡ್ ಬಾ. ಎಲ್ಡರ ಮಧ್ಯದಾಗೆ ಒದ್ದಾಡ್ಬ್ಯಾಡ, ಊಟ ಮಾಡು” ಎಂದಳು.

ಅವತ್ತಿನಿಂದ ನಾನು ಯೋಚಿಸಿದ್ದು ಒಂದನ್ನೇ. ಹೋಗುವಾಗ ತಂಪು, ಬರುವಾಗ ಬಿಸಿ. ಜೂಜುವಾಡಿಗೆ ಹೋದರೆ ತಂಪು, ಕೃಷ್ಣಗಿರಿಯಿಂದ ಬಂದರೆ ಬಿಸಿ. ದಾರಿಯಲ್ಲೇನು ವ್ಯತ್ಯಾಸ? ಏಳನೆಯ ದಿನ ಹೊಲಕ್ಕೆ ಸೈಕಲ್ ತುಳಿಯುತ್ತಿದ್ದೆ. ಏರಿನಲ್ಲಿ ಉಸಿರು ಕಟ್ಟಿತು. ಅಲ್ಲೇ ಇಳಿದು ನಿಂತೆ. ಕೃಷ್ಣಗಿರಿಯಿಂದ ಹೊಸೂರಿಗೆ ಬರುವುದೆಂದರೆ ಏರುವುದು. ಏರಿನಲ್ಲಿ ಆಕ್ಸಿಲೇಟರ್ ಒತ್ತಿ ಹಿಡಿದಾಗ ಇಂಜಿನ್ನಿನ ಉಸಿರಿನ ಎಳೆತ ಕಮ್ಮಿಯಾಗುತ್ತದೆ. ಲಾರಿ ಓಡಿಸುವ ಕಾಲದಲ್ಲಿ ಒಬ್ಬ ಹಳೆಯ ಮೇಸ್ತ್ರಿ ಇದನ್ನು ಬೈದು ಬೈದು ಕಲಿಸಿದ್ದ. ಎಲ್ಲೋ ಟ್ಯೂಬು ಸೋರುತ್ತಿದೆ. ಸಮದಾರಿಯಲ್ಲಿ ಇಂಜಿನ್ ಹೇಗೋ ಸಂಭಾಳಿಸುತ್ತದೆ, ಏರಿನಲ್ಲಿ ಕೈಬಿಡುತ್ತದೆ. ಬೆಂಗಳೂರಿನವನು ಏರು ಹತ್ತಲೇ ಇಲ್ಲವಲ್ಲ.

ಆಫೀಸರ್ ಮುಂದೆ ಹೋಗಿ ನಿಂತೆ. ಮೆಕ್ಯಾನಿಕ್ಕನ್ನು ಮತ್ತೆ ಕರೆಸಿ, ಕೃಷ್ಣಗಿರಿಗೆ ಹೋಗಿ ಬರೋಣ, ಬರುವಾಗ ನೀವೇ ನನ್ನ ಪಕ್ಕ ಕೂತು ಲಿವರ್ ಹಿಡಿದುಕೊಳ್ಳಿ ಎಂದು ತಮಿಳಿನಲ್ಲಿ ಹೇಳಿದೆ. ತಂಪೇ ಬಂದರೆ ಅಲ್ಲೇ ಇಳಿದು ನಡೆದುಕೊಂಡು ಬರುತ್ತೇನೆ ಎಂದೂ ಸೇರಿಸಿದೆ. ನನ್ನನ್ನು ನಡೆಸುವ ಆಸೆಗೋ ಏನೋ, ಒಪ್ಪಿದರು.

ಒಂಬತ್ತನೆಯ ದಿನ ಹೋದೆವು. ವಾಪಸು ಬರುವಾಗ ಆಫೀಸರ್ ನನ್ನ ಪಕ್ಕದಲ್ಲಿ ಲಿವರನ್ನು ಹಸುವಿನ ಹಗ್ಗದ ಹಾಗೆ ಬಿಗಿಯಾಗಿ ಹಿಡಿದು ಕೂತರು. ಮೆಕ್ಯಾನಿಕ್ ಹಿಂದೆ. ಏರು ಶುರುವಾಯಿತು, ಗೇರ್ ಇಳಿಸಿ ಆಕ್ಸಿಲೇಟರ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಿಸಿ ಬರ್ತಾ ಇದೆ ಸಾರ್ ಎಂಬ ದನಿ. ನಾನು ಆಫೀಸರ್ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆ.

ಸೂಳಗಿರಿಯ ಹತ್ತಿರ ಹುಣಸೆಮರದ ನೆರಳಲ್ಲಿ ನಿಲ್ಲಿಸಿದೆ. ಆಫೀಸರ್ ಎಳನೀರಿನವನ ಹತ್ತಿರ ಹೋದರು. ಮೆಕ್ಯಾನಿಕ್ ಹಿಂದಿನ ಹಲಗೆ ಬಿಚ್ಚಿದ. ಒಳಗೆ ಕರೀ ಟ್ಯೂಬುಗಳ ಗೋಜಲು, ಸೋರುವುದು ಯಾವುದೆಂದು ಕಣ್ಣಿಗೆ ಕಾಣುವುದಿಲ್ಲ. ಬೆಳಗಿನ ಪೂಜೆಗೆಂದು ಗಾಡಿಯಲ್ಲಿ ಊದುಬತ್ತಿಯ ಕಟ್ಟು ಇಟ್ಟಿರುತ್ತಿದ್ದೆ. ಒಂದನ್ನು ಹಚ್ಚಿ, ಇಂಜಿನ್ ಓಡುತ್ತಿರುವಾಗಲೇ ಟ್ಯೂಬಿನ ಉದ್ದಕ್ಕೂ ಹಿಡಿದುಕೊಂಡು ಹೋದೆ. ಮಂಗಳಾರತೀನೂ ಮಾಡಿಬಿಡಿ ಎಂದು ಮೆಕ್ಯಾನಿಕ್ ರೇಗಿಸಿದ. ನೆಟ್ಟಗೆ ಏಳುತ್ತಿದ್ದ ಹೊಗೆ ಹಿಂದಿನ ಗಾಳಿಜಾಲರಿಯ ಕೆಳಗೆ ಬಂದಾಗ ಬಾಗಿತು, ಟ್ಯೂಬಿನೊಳಕ್ಕೆ ಸರ್ರನೆ ಹೋಯಿತು. ಅಲ್ಲಿ ಕಡಲೆಕಾಳಿಗಿಂತ ಚಿಕ್ಕದೊಂದು ತೂತು, ಸುತ್ತ ರಬ್ಬರ್ ಸುಟ್ಟು ಮುದುಡಿತ್ತು. ತೂತಿನ ಪಕ್ಕದಲ್ಲೇ ಒಂದು ಬಿದಿರಿನ ಕಡ್ಡಿ ಬಿದ್ದಿತ್ತು. ಅರ್ಧ ಸುಟ್ಟ ಊದುಬತ್ತಿಯ ಕಡ್ಡಿ.

ಆಯುಧ ಪೂಜೆಯ ದಿನ ಟೈರಿಗೆ ನಿಂಬೆಹಣ್ಣು, ಬಾನೆಟ್ಟಿಗೆ ವಿಭೂತಿ ಪಟ್ಟೆ, ಸ್ಟೇರಿಂಗಿಗೆ ಚೆಂಡುಹೂವು ಎಲ್ಲ ಆದಮೇಲೆ, ಈ ಗಾಡಿಯ ಜೀವ ಇರುವುದು ಅದರ ತಂಪುಗಾಳಿಯಲ್ಲಿ ಅಲ್ಲವೇ ಎಂದು ಹಿಂದಿನ ಜಾಲರಿಯ ಸಂದಿಗೆ ಊದುಬತ್ತಿ ಸಿಕ್ಕಿಸಿದವನು ನಾನೇ. ಕೈಮುಗಿದು, ಕಣ್ಣು ಮುಚ್ಚಿ ಸಿಕ್ಕಿಸಿದ್ದೆ. ಆಮೇಲೆ ಕಡಲೆಪುರಿ ತಿನ್ನಲು ಹೋಗಿದ್ದೆ. ಕೆಂಡದ ಸಮೇತ ಕಡ್ಡಿ ಒಳಗೆ ಜಾರಿದ್ದು ಯಾರು ಕಂಡರು?

ಮೆಕ್ಯಾನಿಕ್ ಕಡ್ಡಿಯನ್ನೂ ನೋಡಿದ, ನನ್ನ ಮುಖವನ್ನೂ ನೋಡಿದ. ಒಳ್ಳೆಯ ಹುಡುಗ. “ಇಲಿ ಕಡ್ದಿದೆ ಅಂತ ಬರ್ದ್ಬಿಡ್ತೀನಿ ಅಣ್ಣ. ಇಲಿ ಏನ್ ಬಂದು ಸಾಕ್ಷಿ ಹೇಳಲ್ಲ” ಎಂದು ಮೆಲ್ಲಗೆ ಹೇಳಿ ಟ್ಯೂಬಿಗೆ ತೇಪೆ ಸುತ್ತಲು ಶುರುಮಾಡಿದ.

ನಾನು ಕಡ್ಡಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಇಲಿ ಎಂದರೆ ಮುಗಿಯಿತು. ಮೆಮೊ ಹೋಗುತ್ತದೆ, ವ್ಯಾನು ಉಳಿಯುತ್ತದೆ, ಆಫೀಸರ್ ಮುಖ ಸಪ್ಪಗಾಗುತ್ತದೆ. ನಿಜ ಹೇಳುತ್ತೇನೆ, ಆಸೆಯಾಯಿತು. ಅಲ್ಲಿಂದ ಹೊಸೂರಿನವರೆಗೂ ಆಸೆಯಾಗುತ್ತಲೇ ಇತ್ತು. ಆದರೆ ಒಂಬತ್ತು ದಿನದಿಂದ ನಾನು ಸುಳ್ಳನಲ್ಲ ಎಂದು ಎಲ್ಲರ ಮುಂದೆ ಎದೆ ಬಡಿದುಕೊಂಡಿದ್ದೆ. ಈಗ ಇಲಿ ಎಂದರೆ ಆ ಕಾಗದ ಹೇಳಿದ್ದು ಅವತ್ತಿನಿಂದ ನಿಜವಾಗುತ್ತಿತ್ತು.

ಕಾರ್ಖಾನೆಯ ಆಫೀಸಿನಲ್ಲಿ ಮೆಮೊವನ್ನೂ ಕಡ್ಡಿಯನ್ನೂ ಆಫೀಸರ್ ಮೇಜಿನ ಗಾಜಿನ ಮೇಲೆ ಇಟ್ಟೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗಾದರೆ ಗಾಡಿ ಕೆಡಿಸಿದವನು ನೀನೇ, ಮೆಮೊ ಸರಿಯಾಗಿಯೇ ಇದೆ, ಸಹಿ ಹಾಕು ಎಂದು ಆಫೀಸರ್ ಪೆನ್ನು ಮುಂದೆ ತಳ್ಳಿದರು. ನನಗೆ ಕೋಪ ಬಂದರೆ ತಮಿಳು ಓಡಿಹೋಗುತ್ತದೆ. ಅವರೂ ಹತ್ತು ವರ್ಷ ಹೊಸೂರಲ್ಲಿದ್ದವರು, ಅರ್ಥವಾಗಲಿ ಎಂದು ಕನ್ನಡದಲ್ಲೇ ಹೇಳಿದೆ.

“ಊದುಬತ್ತಿ ಸಿಗ್ಸಿದ್ದು ನಾನು ಸಾರ್. ಅದ್ಕೆ ಬ್ಯಾರೆ ಮೆಮೊ ಕೊಡಿ, ಈಗ್ಲೇ ಸೈನ್ ಹಾಕ್ತೀನಿ. ಇದ್ರಾಗೆ ಸುಳ್ಳ ಅಂತ ಬರ್ದಿದ್ದೀರ. ಇದುನ್ನ ಹರ್ದು ಹಾಕಿ.”

ಮೂಲೆಯಲ್ಲಿ ಕೂತಿದ್ದ ಟೈಪಿಸ್ಟ್ ಯಂತ್ರದ ಮೇಲಿನ ಬೆರಳು ನಿಲ್ಲಿಸಿದ. ಆಫೀಸರ್ ನನ್ನನ್ನು ನೋಡಿದರು, ಕಡ್ಡಿಯನ್ನು ನೋಡಿದರು. ಪೂಜೆಯ ದಿನ ಆ ಊದುಬತ್ತಿಯ ಮುಂದೆ ಅವರೂ ಕೈಮುಗಿದು ನಿಂತಿದ್ದರು, ಅದು ಅವರಿಗೂ ಗೊತ್ತಿತ್ತು. ಕೊನೆಗೆ ಕಾಗದವನ್ನು ಎರಡು ತುಂಡು ಮಾಡಿದರು. ಆಮೇಲೆ ಹೊಸ ಮೆಮೊ ಟೈಪ್ ಮಾಡಿಸಿದರು. ಅಜಾಗರೂಕತೆಯಿಂದ ಗಾಡಿಗೆ ಹಾನಿ, ಶಿಕ್ಷೆಯಾಗಿ ನಾಳೆಯಿಂದ ಲಾರಿ. ಓದಿ ನೋಡಿದೆ. ಸುಳ್ಳು ಎಂಬ ಮಾತು ಎಲ್ಲೂ ಇರಲಿಲ್ಲ. ಕನ್ನಡದಲ್ಲಿ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಆರು ವರ್ಷ ಆ ಲಾರಿ ಓಡಿಸಿದೆ. ಅದಕ್ಕೆ ಹಿಂದಿನ ಸೀಟೂ ಇಲ್ಲ, ತಂಪೂ ಇಲ್ಲ. ಸೂಳಗಿರಿಯ ಏರಿನಲ್ಲಿ ಇಂಜಿನ್ನಿನ ಬಿಸಿಗಾಳಿ ನೇರವಾಗಿ ಕಾಲಿಗೆ, ಮುಖಕ್ಕೆ ಹೊಡೆಯುತ್ತಿತ್ತು. ಎಷ್ಟೋ ಸಲ ನಮ್ಮ ಆ ವ್ಯಾನು ಗಾಜು ಮೇಲೆತ್ತಿಕೊಂಡು ನನ್ನ ಪಕ್ಕದಲ್ಲೇ ಮುಂದೆ ಹೋಗುತ್ತಿತ್ತು. ಒಳಗಿದ್ದವರ ಅಂಗಿ ಒದ್ದೆಯಾಗಿರುತ್ತಿರಲಿಲ್ಲ, ಏರಿನಲ್ಲೂ ತಂಪು ಬರುತ್ತಿತ್ತೆಂದು ಅದರಲ್ಲೇ ಗೊತ್ತಾಗುತ್ತಿತ್ತು. ನಾನು ಬೆವರು ಒರೆಸಿಕೊಂಡು, ಬಿಸಿಗಾಳಿ ಹೊಡೆಯಲಿ ಬಿಡು ಎಂದು ಗೇರ್ ಇಳಿಸುತ್ತಿದ್ದೆ.