ತಗಡಿನ ಹಿಂದೆ ಅತ್ತೆ

ಅತ್ತೆಯವರ ಕನ್ನಡಕದ ಎಡಗಾಜಿನ ಮೇಲೆ ಸದಾ ಹಬೆ ಕೂತಿರುತ್ತಿತ್ತು. ಸೂರತ್ತಿನ ಅವರ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಎಡಕ್ಕೇ ಅಡುಗೆಮನೆಯ ಕಿಂಡಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗಲೆಲ್ಲ ಉಗಿ ನೇರವಾಗಿ ಬಂದು ಅದೊಂದೇ ಗಾಜನ್ನು ಮಬ್ಬು ಮಾಡುತ್ತಿತ್ತು. ಹಾಗಾಗಿ ಗಿರಾಕಿಗಳಿಗೆ ಕಾಣುತ್ತಿದ್ದುದು ಅವರ ಬಲಗಣ್ಣು ಮಾತ್ರ. ಎರಡನೆಯದರ ಅಗತ್ಯ ಯಾರಿಗೂ ಬೀಳಲಿಲ್ಲ. ಒಂದಕ್ಕೇ ಜನ ಸಾಕಷ್ಟು ಹೆದರುತ್ತಿದ್ದರು. "ಒರೆಸಿಕೊಳ್ಳಬಾರದೇ ಅತ್ತೆ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಒರೆಸಿದ್ರೆ ಪುನಃ ಕೂರ್ತದೆ. ಇನ್ನೊಂದು ಉಂಟಲ್ಲ," ಎಂದು ಚಿಲ್ಲರೆ ಎಣಿಸುವುದನ್ನು ಮುಂದುವರಿಸಿದರು.

ಅಳಿಯನಾದವನು ಅತ್ತೆಯ ಬಗ್ಗೆ ಬರೆಯಬಹುದೇ ಎಂಬ ವಿಷಯದಲ್ಲಿ ನಮ್ಮ ಶಾಸ್ತ್ರಕಾರರು ಮೌನ ತಾಳಿದ್ದಾರೆ. ಮೌನವೇ ಸಮ್ಮತಿಯೆಂದು ಭಾವಿಸಿ ಬರೆಯುತ್ತಿದ್ದೇನೆ. ಅತ್ತೆಯವರ ಕಡೆಯಿಂದ ಆಕ್ಷೇಪಣೆ ಬರುವ ಸ್ಥಿತಿ ಈಗ ಇಲ್ಲ. ಇದ್ದಿದ್ದರೂ ಮರ್ಯಾದೆಯಿಂದಲೇ ಬರುತ್ತಿತ್ತು. ಅಳಿಯನನ್ನು ಏಕವಚನದಲ್ಲಿ ಕರೆಯಬಾರದೆಂಬ ಉಡುಪಿ ಕಡೆಯ ಸಂಪ್ರದಾಯವನ್ನು ಅವರು ಗುಜರಾತಿನಲ್ಲೂ ಬಿಡಲಿಲ್ಲ. ಕೊನೆಯ ದಿನದವರೆಗೂ ನನ್ನನ್ನು ಬಹುವಚನದಲ್ಲೇ ಬೈದರು.

ನಾನು ಅವರ ಕೈಗೆ ಸಿಕ್ಕಿದ್ದು ಹೀಗೆ. ಅಹಮದಾಬಾದಿನ ನರೋಡಾದಲ್ಲಿ ಒಂದು ರಾಸಾಯನಿಕ ಕಂಪನಿಯ ಖರೀದಿ ವಿಭಾಗಕ್ಕೆ ನಾನು ಮುಖ್ಯಸ್ಥನಾಗಿದ್ದೆ. ಕಂಪನಿಯವರು ನಮ್ಮನ್ನೆಲ್ಲ ಒಂದು ರೆಸಾರ್ಟಿಗೆ ಕರೆದೊಯ್ದು, ವ್ಯಾಪಾರದ ನಾಯಕನಾದವನಿಗೆ ಎಂಥ ಹೊಡೆತಕ್ಕೂ ಕುಸಿಯದ ಮನಸ್ಸಿರಬೇಕೆಂದು ಬೋಧಿಸಿ, ಬರಿಗಾಲಿನಲ್ಲಿ ಗಾಜಿನ ಚೂರುಗಳ ಮೇಲೆ ನಡೆಸಿ, ಪ್ರಮಾಣಪತ್ರ ಕೊಟ್ಟರು. ಅದಾಗಿ ಕೆಲವೇ ತಿಂಗಳಲ್ಲಿ ನನ್ನ ಕುಸಿಯದ ಮನಸ್ಸಿನ ಅಗತ್ಯ ಕಂಪನಿಗೆ ಇನ್ನಿಲ್ಲವೆಂದು ಸವಿನಯವಾಗಿ ತಿಳಿಸಲಾಯಿತು. ಸರಿಯಾಗಿ ಅದೇ ಹೊತ್ತಿಗೆ ಸೂರತ್ತಿನಲ್ಲಿ ಮೆಟ್ರೊ ಕೆಲಸಕ್ಕಾಗಿ ಅತ್ತೆಯವರ ಹೋಟೆಲಿನ ಮುಂದೆ ತಗಡಿನ ಗೋಡೆ ಎದ್ದಿತು. ವಡೋದರಾದಲ್ಲಿ ಶಾಲಾ ಶಿಕ್ಷಕಿಯಾಗಿರುವ ನನ್ನ ಹೆಂಡತಿ ಎರಡು ವಿಪತ್ತುಗಳನ್ನೂ ಒಟ್ಟಿಗೆ ಬಗೆಹರಿಸಿದಳು. ಸೂರತ್ತಿನಲ್ಲೇ ಬೆಳೆದವಳಾದ್ದರಿಂದ ಅವಳ ಕನ್ನಡ ಮೂರು ಭಾಷೆಗಳ ಕೂಟು. "ಒಂದು ತಿಂಗಳು ಅಮ್ಮನ ಹತ್ರ ಇದ್ದು ಬನ್ನಿ. ನೌಕ್ರಿ ಸಿಗುವ ತನಕ. ನಿಮಗೂ ಟೈಮ್ ಪಾಸ್ ಆಗ್ತದೆ."

ಆ ತಿಂಗಳು ಇನ್ನೂ ಮುಗಿದಿಲ್ಲ.

ತಗಡಿನ ಗೋಡೆ ಎಂದರೆ ಓದುಗರು ಹಗುರವಾಗಿ ತೆಗೆದುಕೊಳ್ಳಬಾರದು. ಆಳೆತ್ತರಕ್ಕಿಂತಲೂ ಎತ್ತರ; ಹೋಟೆಲಿನ ಮೆಟ್ಟಿಲಿಗೂ ಅದಕ್ಕೂ ನಡುವೆ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಸಂದು. ಆ ಸಂದಿಗೂ ಒಂದೇ ಬಾಯಿ. ಇನ್ನೊಂದು ತುದಿ ಮುಚ್ಚಿತ್ತು. ತಗಡಿನ ಮೇಲೆ 'ಇಂದಿನ ತೊಂದರೆ, ನಾಳೆಯ ಸೌಕರ್ಯ' ಎಂಬರ್ಥದ ಬರಹವಿತ್ತು. ಅದು ರಸ್ತೆಯ ಕಡೆಗೆ. ನಮ್ಮ ಕಡೆಗಿದ್ದದ್ದು ತುಕ್ಕು. ಬಿಸಿಲು ಒಳಗೆ ಬರುವುದು ನಿಂತಿತು. ಮಧ್ಯಾಹ್ನವೂ ಟ್ಯೂಬ್‌ಲೈಟು. ನೆಲ ಕೊರೆಯುವ ಯಂತ್ರ ಶುರುವಾದರೆ ಮೇಜಿನ ಮೇಲಿನ ಸ್ಟೀಲ್ ಲೋಟಗಳು ತಾವಾಗಿ ಅಂಚಿಗೆ ನಡೆಯುತ್ತಿದ್ದವು. ಅವುಗಳಿಗೂ ಹೊರಗೆ ಹೋಗುವ ಆಸೆಯಿತ್ತೆಂದು ನನ್ನ ಊಹೆ. ನಾನು ದಿನಕ್ಕೊಮ್ಮೆಯಾದರೂ ಬಾಗಿಲಲ್ಲಿ ನಿಂತು ಆ ತುಕ್ಕನ್ನು ನೋಡುತ್ತಿದ್ದೆ. ಕೆಲದಿನಗಳ ಮೇಲೆ ಅದರಲ್ಲಿ ನನಗೆ ಭೂಪಟಗಳು ಕಾಣತೊಡಗಿದವು.

ಸೀರೆ ಮಾರುಕಟ್ಟೆಯ ವ್ಯಾಪಾರಿಗಳು, ಅವರ ಗುಮಾಸ್ತರು, ಹೊರೆ ಹೊರುವವರು, ಇವರೇ ನಮ್ಮ ಗಿರಾಕಿಗಳು. ಎಲ್ಲರೂ ರಸ್ತೆಯ ಆಚೆಗೆ ಉಳಿದರು. ಖರೀದಿ ವಿಭಾಗದ ಮಾಜಿ ಮುಖ್ಯಸ್ಥನಾಗಿ ನಾನು ಅತ್ತೆಯವರ ಮುಂದೆ ಕಾಲಕಾಲಕ್ಕೆ ಯೋಜನೆಗಳನ್ನು ಮಂಡಿಸಿದೆ. ಮೊಬೈಲಿನಲ್ಲಿ ಆರ್ಡರು ತೆಗೆದುಕೊಂಡು ಮನೆಗಳಿಗೆ ಕಳಿಸೋಣ ಎಂದೆ.

"ಕಳಿಸುವ. ಕೊಂಡುಹೋಗುವ ಹುಡುಗರಿಗೆ ಈ ಸಂದು ಸಿಗ್ತದಾ?"

ಸಿಗಲಿಲ್ಲ. ಅವರ ಮೋಟರ್‌ಸೈಕಲ್ಲುಗಳು ತಗಡಿನ ಆಚೆಗೆ ನಿಂತು ಹಾರ್ನು ಹೊಡೆದು, ನಮ್ಮ ಇಡ್ಲಿ ಆರಿದ ಮೇಲೆ ಹೊರಟುಹೋಗುತ್ತಿದ್ದವು. ಇಬ್ಬರು ಸಪ್ಲಾಯರ್‌ಗಳನ್ನು ಬಿಡಿಸೋಣ ಎಂದೆ.

"ಬಿಡಿಸಿದ್ರೆ ನೀವು ಸಪ್ಲೈ ಮಾಡ್ತೀರಾ?"

ಇಬ್ಬರೂ ಉಳಿದರು.

ಅವರು ಮಾಡಿದ್ದು ಬೇರೆ. ದೊಡ್ಡ ಇಡ್ಲಿ ಪಾತ್ರೆಯನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿ, ಚಿಕ್ಕದನ್ನು ಒಲೆಗೇರಿಸಿದರು. ಪಟ್ಟಿಯಿಂದ ಅರ್ಧ ತಿಂಡಿಗಳನ್ನು ತೆಗೆದರು. ಇಷ್ಟಾದ ಮೇಲೆ, ಬೆಳಗಿನ ಗಲಾಟೆ ಮುಗಿಯುವ ಹೊತ್ತಿಗೆ (ಗಲಾಟೆ ಎಂಬುದು ಹಳೆಯ ಅಭ್ಯಾಸದಿಂದ ಬಂದ ಪದ, ಇದ್ದದ್ದು ನಾಲ್ಕಾರು ಜನ) ಸೀರೆಯ ಸೆರಗು ಸಿಕ್ಕಿಸಿಕೊಂಡು ಸಂದಿನಿಂದ ಹೊರಬಿದ್ದು, ರಸ್ತೆ ಸುತ್ತಿ ದಾಟಿ, ಹಳೆಯ ಗಿರಾಕಿಗಳ ಅಂಗಡಿಗಳಿಗೆ ಹೋಗಿ ಅವರನ್ನು ಬೈಯತೊಡಗಿದರು. ಜಾಹೀರಾತಿನ ಈ ಕ್ರಮವನ್ನು ನನಗೆ ರೆಸಾರ್ಟಿನಲ್ಲಿ ಕಲಿಸಿರಲಿಲ್ಲ.

ಅವರಲ್ಲಿ ಮುಖ್ಯನಾದವನು ಎದುರು ಸಾಲಿನ ಸೀರೆ ಸಗಟು ವ್ಯಾಪಾರಿ. ನಾವೆಲ್ಲ ಶೇಠ್ ಎನ್ನುತ್ತಿದ್ದೆವು. ಹಿಂದೆ ದಿನವೂ ಬಂದು ಇಡ್ಲಿಗೆ ಸಕ್ಕರೆ ಕೇಳುತ್ತಿದ್ದ ಮನುಷ್ಯ. ಅತ್ತೆ ಅವನ ಗಾದಿಯ ಅಂಚಿನಲ್ಲಿ ಕೂತು, ಕನ್ನಡದ ಮೂಳೆಗೆ ಗುಜರಾತಿಯ ಚರ್ಮ ಹೊದಿಸಿದ ತಮ್ಮ ಭಾಷೆಯಲ್ಲಿ ಕೇಳಿದರು: "ಏನು ಶೇಠ್, ಕಾಲಿಗೆ ನೋವಾ?"

"ಇಲ್ಲ ಮಾಸಿ, ಯಾಕೆ?" ಮಾಸಿ ಎಂದರೆ ಚಿಕ್ಕಮ್ಮ; ಇಡೀ ಮಾರುಕಟ್ಟೆಗೆ ಅತ್ತೆ ಹಾಗೆಯೇ.

"ಬರುವುದು ಕಾಣಲಿಲ್ಲ. ನೋವಿರಬೇಕು ಅಂತ ನೋಡಲು ಬಂದೆ. ನಿನ್ನ ಮದುವೆಗೆ ಮುಂಚಿನಿಂದ ತಿಂದ ಹೊಟ್ಟೆ. ಒಂದು ತಗಡು ಸುತ್ತಿ ಬರಲಿಕ್ಕೆ ಆಗುವುದಿಲ್ಲ ಅಂದರೆ ವೈದ್ಯರಿಗೆ ತೋರಿಸಬೇಕಲ್ಲ."

ಗುಮಾಸ್ತರು ಸೀರೆಯ ರಾಶಿಗೆ ಮುಖ ಒತ್ತಿಕೊಂಡು ನಕ್ಕರು. ಶೇಠ್ ಮರುದಿನ ಬಂದ. ಆದರೆ ತಿನ್ನಲು ಬಂದದ್ದಲ್ಲ. ಗಲ್ಲಾದ ಮುಂದೆ ಕುರ್ಚಿ ಎಳೆದುಕೊಂಡು, ಜಾಗ ತನಗೆ ಕೊಟ್ಟುಬಿಡಿ, ಗೋದಾಮು ಮಾಡಿಕೊಳ್ಳುತ್ತೇನೆ ಎಂದ. ಸೀರೆಗೆ ಬಿಸಿಲು ಬೇಕಿಲ್ಲ, ಗಿರಾಕಿ ಒಳಗೆ ಬರಬೇಕಿಲ್ಲ. ತಗಡಿನ ಹಿಂದೆ ಹಾಯಾಗಿರುತ್ತದೆ. ಹೇಳಿದ ಬೆಲೆಯೂ ಅನ್ಯಾಯದ್ದಾಗಿರಲಿಲ್ಲ. "ಅವಸರವಿಲ್ಲ ಮಾಸಿ. ಲಾಭಪಂಚಮಿಯ ದಿನ ಬರುತ್ತೇನೆ. ಒಳ್ಳೆಯ ಮುಹೂರ್ತ. ಹೂಂ ಅಂದರೆ ಹೂಂ, ಇಲ್ಲ ಅಂದರೆ ಇಲ್ಲ."

ವಿಷಯವನ್ನು ನಾನು ತಕ್ಷಣ ವಡೋದರಾಕ್ಕೆ ಮುಟ್ಟಿಸಿದ್ದೆ. ಅಂದು ಸಂಜೆ ಹೆಂಡತಿ ಫೋನು ಮಾಡಿದಳು. "ಅಮ್ಮನ ಜೊತೆ ಬಾತ್ ಮಾಡಿದ್ರಾ ಇಲ್ವಾ? ಸೀದಾ ಹೇಳಿ. ಅವರಿಗೆ ವಯಸ್ಸಾಯ್ತು. ಕೊಟ್ಟು ಇಬ್ಬರೂ ವಡೋದರಾಕ್ಕೆ ಬನ್ನಿ." ನಾನು ಮಾತಾಡಿದೆ. ನಿಜ ಹೇಳಬೇಕೆಂದರೆ, ಅತ್ತೆಯವರ ವಯಸ್ಸಿನ ಚಿಂತೆಯ ಜೊತೆಗೆ ನನ್ನ ಬಿಡುಗಡೆಯ ಚಿಂತೆಯೂ ಆ ಮಾತಿಗೆ ಬಹಳ ಓಘ ಕೊಟ್ಟಿತ್ತು. ಎಲ್ಲ ಕೇಳಿ ಅತ್ತೆ ಅಂದರು: "ದೀಪಾವಳಿ ಕಳೀಲಿ. ರಜೆಯಲ್ಲಿ ಯಾರು ಬರ್ತಾರೆ ನೋಡುವ. ಯಾರೂ ಬರದಿದ್ರೆ ಕೊಟ್ಟುಬಿಡುವ."

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ದೀಪಾವಳಿ ಕಳೆದ ಮೇಲೆ, ವ್ಯಾಪಾರಿಗಳು ಮತ್ತೆ ಅಂಗಡಿ ತೆರೆಯುವ ಲಾಭಪಂಚಮಿಯವರೆಗೆ ಸೂರತ್ ಊರಾಗಿ ಉಳಿಯುವುದಿಲ್ಲ. ಮಾರುಕಟ್ಟೆಗೆ ಬೀಗ, ವರಾಛಾದ ವಜ್ರದ ಕಾರ್ಖಾನೆಗಳಿಗೆ ಬೀಗ, ಜನ ಹಳ್ಳಿಗೋ ಯಾತ್ರೆಗೋ ಹೋಗಿರುತ್ತಾರೆ. ಅತ್ತೆ, ಮಾವ ಹೊಸದಾಗಿ ಹೋಟೆಲು ತೆಗೆದ ವರ್ಷ ಇದು ಅವರಿಗೆ ಗೊತ್ತಿರಲಿಲ್ಲ. ಊರಿನ ಕಡೆ ಹಬ್ಬದ ಮರುದಿನ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂಬ ಲೆಕ್ಕದಲ್ಲಿ, ಇದ್ದ ಪಾತ್ರೆಗಳಿಗೆಲ್ಲ ಹಿಟ್ಟು ರುಬ್ಬಿ ತುಂಬಿಸಿ, ಪಾಡ್ಯದ ಬೆಳಿಗ್ಗೆ ಬಾಗಿಲು ತೆಗೆದರೆ ರಸ್ತೆಯಲ್ಲಿ ನಾಯಿಯೂ ಇರಲಿಲ್ಲವಂತೆ. ನಾಯಿಯ ಮಾತು ಮಾವನವರದು. ಅವರು ಉತ್ಪ್ರೇಕ್ಷೆ ಮಾಡುವವರಾಗಿರಲಿಲ್ಲ. ಹಿಟ್ಟು ಹುಳಿ ಬಂದು ಪಾತ್ರೆಯಿಂದ ಉಕ್ಕಿತು. ಚೆಲ್ಲಲು ಮನಸ್ಸಿಲ್ಲದೆ ಅತ್ತೆ ಅದನ್ನೇ ದಪ್ಪ ಉತ್ತಪ್ಪ ಹೊಯ್ದರು. ಊರಿಗೆ ಹೋಗಲಾಗದೆ ಉಳಿದವರು, ಎಂದರೆ ಮಾರುಕಟ್ಟೆಯ ಕಾವಲುಗಾರರು, ಆಸ್ಪತ್ರೆಯ ದಾದಿಯರು, ರೈಲು ತಪ್ಪಿಸಿಕೊಂಡವರು, ಬೇರೆಲ್ಲೂ ಬಾಗಿಲು ತೆರೆದಿರದೆ ಇಲ್ಲಿಗೆ ಬಂದರು. ಢೋಕ್ಲಾದಂಥ ಹುಳಿ ಖಮಣ್ ತಿಂದು ಬೆಳೆದ ನಾಲಿಗೆಗಳು ಇದನ್ನೂ ಒಪ್ಪಿಕೊಂಡವು. ಮರುವರ್ಷ ಅವರೇ ಬಂದು "ಆ ಹುಳಿಯದ್ದು" ಕೇಳಿದರು. ಅಂದಿನಿಂದ ಪ್ರತಿ ದೀಪಾವಳಿಗೆ ಆ ತಪ್ಪನ್ನು ಬೇಕೆಂದೇ ಮಾಡುವುದು ಹೋಟೆಲಿನ ಸಂಪ್ರದಾಯವಾಯಿತು.

ತಗಡು ಎದ್ದ ಆ ವರ್ಷವೂ ಹಿಟ್ಟು ಹುಳಿ ಬಂತು. ಮೆಟ್ರೊ ಕೆಲಸದವರೂ ರಜೆಯಲ್ಲಿದ್ದರು. ಯಂತ್ರ ನಿಂತು ಲೋಟಗಳು ಇದ್ದಲ್ಲೇ ಇದ್ದವು. ಬಾಗಿಲು ತೆಗೆದು ಅತ್ತೆ ಗಲ್ಲಾದಲ್ಲಿ, ನಾನು ಬಾಗಿಲಲ್ಲಿ. ತಗಡು, ತುಕ್ಕು, ಸಂದು. ಬಹಳ ಹೊತ್ತು ಯಾರೂ ಬರಲಿಲ್ಲ. ಅಡುಗೆಯ ಭಟ್ಟರು ಕಿಂಡಿಯಿಂದ ತಲೆ ಹಾಕಿ, "ಅಮ್ಮ, ಕಾವಲಿ ಇಳಿಸುದಾ?" ಎಂದರು.

"ನಿಮಗೆ ಎಲ್ಲಿಗಾದರೂ ಹೋಗ್ಲಿಕ್ಕೆ ಉಂಟಾ ಭಟ್ರೇ?"

"ಇಲ್ಲ."

"ಮತ್ತೆ ಇರ್ಲಿ."

ಆಮೇಲೆ ಸಂದಿನ ಬಾಯಲ್ಲಿ ಒಬ್ಬ ಕಾವಲುಗಾರ ಕಾಣಿಸಿದ. ಅವನ ಹಿಂದೆ, ರಾತ್ರಿಪಾಳಿ ಮುಗಿಸಿದ ಇಬ್ಬರು ದಾದಿಯರು ಒಬ್ಬರ ಹಿಂದೊಬ್ಬರು ಅಡ್ಡಡ್ಡ ನಡೆದು ಬಂದರು. "ಮಾಸಿ, ದಾರಿ ಹುಡುಕಿ ಹುಡುಕಿ ಸಾಕಾಯ್ತು," ಎಂದಳು ಒಬ್ಬಳು. ಮಧ್ಯಾಹ್ನದ ಹೊತ್ತಿಗೆ ಮೇಜುಗಳು ತುಂಬಿರಲಿಲ್ಲ. ಆದರೆ ಖಾಲಿಯೂ ಇರಲಿಲ್ಲ. ರಜೆ ಮುಗಿಯುವವರೆಗೂ ಹೀಗೇ ನಡೆಯಿತು. ಪ್ರತಿ ಗಿರಾಕಿಯೂ ನನ್ನ ವಡೋದರಾದ ಟಿಕೆಟ್ಟಿನ ಮೇಲೆ ಕೂತು ಉತ್ತಪ್ಪ ತಿನ್ನುತ್ತಿದ್ದ ಹಾಗಿತ್ತು.

ಲಾಭಪಂಚಮಿಯ ಬೆಳಿಗ್ಗೆ ಶೇಠ್ ಮಿಠಾಯಿಯ ಡಬ್ಬಿ ಹಿಡಿದು ಬಂದ.

"ಇವತ್ತು ಆಗುವುದಿಲ್ಲ ಶೇಠ್. ಇವತ್ತಿಗೆ ಹಿಟ್ಟು ರುಬ್ಬಿ ಆಗಿದೆ," ಎಂದರು ಅತ್ತೆ.

"ಹಾಗಾದರೆ ನಾಳೆ ಕೊಡಿ ಮಾಸಿ."

"ಇವತ್ತು ಸಂಜೆ ನಾಳೆಯದು ರುಬ್ಬುತ್ತೇವಲ್ಲ."

ತಮಾಷೆಯೆಂದು ಅವನು ನಕ್ಕ. ಆ ಬಲಗಣ್ಣನ್ನು ನೋಡಿ ನಗು ನಿಲ್ಲಿಸಿದ. ಡಬ್ಬಿ ಬಿಟ್ಟು ಹೋದ.

ನಾನು ಮೊದಲ ಸಲ ದನಿಯೇರಿಸಿದೆ. "ಅತ್ತೆ, ಇಷ್ಟು ಧೈರ್ಯ ಒಳ್ಳೆಯದಲ್ಲ."

"ಧೈರ್ಯ ಎಂತದ್ದೂ ಇಲ್ಲ," ಎಂದರು. "ಹೆದರಿಕೆ. ನಿಮ್ಮ ಮಾವ ಹೋದ ಮೇಲೆ ನಾನು ಸ್ವಲ್ಪ ದಿವಸ ಮನೆಯಲ್ಲಿ ಕೂತು ನೋಡಿದ್ದೇನೆ. ಬೆಳಗಾಗುವ ಮೊದಲೇ ಎಚ್ಚರ ಆಗ್ತದೆ. ಎದ್ದು ಎಲ್ಲಿಗೆ ಹೋಗುದು? ಅದಕ್ಕಿಂತ ಈ ತಗಡು ಎಷ್ಟೋ ವಾಸಿ. ಇದಕ್ಕೆ ಒಂದು ಸಂದಾದರೂ ಉಂಟು."

"ಹಾಗಾದರೆ ನನ್ನನ್ನು ಯಾಕೆ ಹಿಡಿದಿಟ್ಟಿದ್ದೀರಿ?"

"ನಿಮ್ಮನ್ನು ಹಿಡಿದವರು ಯಾರು? ಹೋಗಿಯಪ್ಪ. ಹೋಗುವಾಗ ಗ್ಯಾಸಿನವನಿಗೆ ಒಂದು ಫೋನು ಮಾಡಿ ಹೋಗಿ."

ನಾನು ಗ್ಯಾಸಿನವನಿಗೆ ಫೋನು ಮಾಡಿದೆ. ಅವನು ಮಧ್ಯಾಹ್ನ ಬರುತ್ತೇನೆಂದ. ಸಿಲಿಂಡರು ಇಳಿಸಿಕೊಳ್ಳಲು ಯಾರಾದರೂ ಇರಬೇಕಿತ್ತು.

ಮುಂದಿನದು ದೀರ್ಘವಾದರೂ ಹೇಳಲು ಹೆಚ್ಚಿಲ್ಲ. ತಗಡು ಹೋಗಲಿಲ್ಲ. ದಾದಿಯರು ಸಹೋದ್ಯೋಗಿಗಳನ್ನು ಕರೆತಂದರು, ಕಾವಲುಗಾರ ತನ್ನ ಪಾಳಿಯವರನ್ನು. ಸಂದು ತಿಳಿದವರ ಒಂದು ಪಂಗಡವೇ ಆಯಿತು. ಹೋಟೆಲು ಮುಳುಗಲಿಲ್ಲ, ತೇಲಲೂ ಇಲ್ಲ. ಮೂಗಿನ ಮಟ್ಟಕ್ಕೆ ನೀರಿನಲ್ಲಿ ನಿಂತಿತ್ತು. ಅತ್ತೆಯವರ ಆರೋಗ್ಯ ಇಳಿಯುತ್ತ ಬಂತು. ಒಂದು ಮಳೆಗಾಲ ಜ್ವರವೆಂದು ಆಸ್ಪತ್ರೆಗೆ ಸೇರಿಸಿದೆವು; ಜ್ವರ ಬಿಟ್ಟರೂ ಎದೆಯ ಕಫ ಬಿಡಲಿಲ್ಲ. ನಮ್ಮಲ್ಲಿ ಉತ್ತಪ್ಪ ತಿಂದ ದಾದಿಯೇ ಅವರ ವಾರ್ಡಿನಲ್ಲಿದ್ದಳು. ಸಂಜೆ ನಾನು ಹೋದಾಗ ಅವರ ಪ್ರಶ್ನೆ ಒಂದೇ: "ಇವತ್ತು ಎಷ್ಟು ಜನ?" ಒಂದು ದಿನ ಸಮಾಧಾನಕ್ಕೆಂದು, "ಕೂರಲು ಜಾಗವಿರಲಿಲ್ಲ ಅತ್ತೆ," ಎಂದೆ.

"ಸುಳ್ಳು ಹೇಳ್ಬೇಡಿ. ಅಷ್ಟು ಜನ ಬಂದಿದ್ರೆ ನಿಮಗೆ ಇಲ್ಲಿಗೆ ಬರ್ಲಿಕ್ಕೆ ಪುರುಸೊತ್ತು ಎಲ್ಲಿ?"

ಅದು ನನಗೆ ಅವರು ಬಹುವಚನದಲ್ಲಿ ಬೈದ ಕೊನೆಯ ಮಾತು. ತಾಪಿ ನದಿಯ ದಡದಲ್ಲಿ ಎಲ್ಲ ಮುಗಿಸಿ ಬಂದೆವು. ಆ ದಿನ ಬಾಗಿಲು ತೆಗೆಯಲಿಲ್ಲ. ಹಿಟ್ಟು ಮಾತ್ರ ಹಿಂದಿನ ಸಂಜೆಯೇ ರುಬ್ಬಿ ಆಗಿತ್ತು. ಹುಳಿ ಬಂದದ್ದನ್ನು ಭಟ್ಟರು ಮರುದಿನ ಹೊಯ್ದರು, ಯಾರನ್ನೂ ಕೇಳದೆ.

ತಗಡು ತೆಗೆದದ್ದು ಅದಾಗಿ ಎಷ್ಟೋ ಕಾಲದ ಮೇಲೆ, ಒಂದು ಬೆಳಿಗ್ಗೆ, ಯಾವ ಘೋಷಣೆಯೂ ಇಲ್ಲದೆ. ಲಾರಿಯೊಂದು ಬಂದು ಹಾಳೆಗಳನ್ನು ಒಂದೊಂದಾಗಿ ಹೇರಿಕೊಂಡು ಹೋಯಿತು. ಬಿಸಿಲು ಒಳಗೆ ನುಗ್ಗಿ ಗೋಡೆಯ ಬಣ್ಣ ಎಷ್ಟು ಹಳತಾಗಿದೆಯೆಂದು ತೋರಿಸಿತು. ಸಪ್ಲಾಯರ್‌ಗಳು ಕಣ್ಣು ಕಿರಿದು ಮಾಡಿಕೊಂಡು ಓಡಾಡಿದರು.

ಶೇಠ್ ರಸ್ತೆಯನ್ನು ನೇರ ದಾಟಿ ಬಂದು ಬಾಗಿಲಲ್ಲಿ ನಿಂತ. ಗಲ್ಲಾದಲ್ಲಿ ನನ್ನನ್ನು ನೋಡಿ ತಲೆ ತಗ್ಗಿಸಿದ. ಅಳಿಯ ಎಂಬುದಕ್ಕೆ ಅವನ ಪದ ಜಮಾಯಿ. "ಮಾಸಿ ಹೋದದ್ದು ಗೊತ್ತಾಯಿತು, ಜಮಾಯಿ. ಬರಲಿಕ್ಕೆ ಮುಖವಿರಲಿಲ್ಲ. ಜಾಗ ಕೇಳಿದ ಮೇಲೆ ಇಲ್ಲಿ ಕೂತು ಹೇಗೆ ತಿನ್ನಲಿ?"

"ಕೂತುಕೊಳ್ಳಿ," ಎಂದೆ.

ಇಡ್ಲಿ ಬಂತು. ಸಕ್ಕರೆಯನ್ನೂ ಕೇಳದೆಯೇ ಕೊಟ್ಟರು. ಅರ್ಧ ತಿಂದು, ಕೈಯಲ್ಲಿ ಚಮಚ ಹಿಡಿದುಕೊಂಡೇ, ವ್ಯಾಪಾರಿಯ ಸಹಜ ಪ್ರೀತಿಯಿಂದ ಕೇಳಿದ: "ಈಗ ಏನು ಮಾಡ್ತೀರಿ? ತಗಡು ಹೋಯಿತು. ಈಗ ಮಾರಿದರೆ ರಾಜನ ಬೆಲೆ. ನೀವೂ ಸ್ವತಂತ್ರ."

ಕಿಂಡಿಯಲ್ಲಿ ಭಟ್ಟರ ತಲೆ ಕಾಣಿಸಿತು. ಸಪ್ಲಾಯರ್‌ಗಳು ಇದ್ದಲ್ಲೇ ನಿಂತರು. ಆ ತಗಡು ಒಂದು ದಿನ ಹೋದರೆ ಅದೇ ಕ್ಷಣ ಎದ್ದು ಹೊರಟುಬಿಡುತ್ತೇನೆಂದು ನಾನು ತುಕ್ಕಿನ ಎದುರು ನಿಂತು ಎಷ್ಟು ಸಲ ಅಂದುಕೊಂಡಿದ್ದೆನೋ. ರಸ್ತೆ ಬೆಳಗಿನಿಂದ ಎದುರಿಗೇ ತೆರೆದಿತ್ತು. ಸ್ಟೇಷನ್ನಿನ ಕಡೆ ಹೋಗುವ ಆಟೋಗಳೂ ಕಾಣುತ್ತಿದ್ದವು.

ನಾನು ಎದ್ದೆ. ಶೇಠನ ತಟ್ಟೆಯಲ್ಲಿ ಸಾಂಬಾರು ಮುಗಿದಿತ್ತು. ಒಳಗೆ ಹೋಗಿ ಇನ್ನೊಂದು ಬಟ್ಟಲು ತಂದಿಟ್ಟೆ.